ಕಿಡಿ ಬರುತ್ತಿತ್ತು, ಹೊತ್ತು ತಪ್ಪಿತ್ತು

ರಾತ್ರಿ ಹನ್ನೊಂದೂವರೆ, ಕಾಲೇಜಿನ ವರ್ಕ್‌ಶಾಪ್. ನೀವು ನೋಡುತ್ತಿರುವುದು ನಮ್ಮ ಫಾರ್ಮುಲಾ ಸ್ಟೂಡೆಂಟ್ ಕಾರು, ಅಂದ್ರೆ ವಿದ್ಯಾರ್ಥಿಗಳೇ ಕಟ್ಟಿ ಸ್ಪರ್ಧೆಗೆ ಇಳಿಸುವ ರೇಸ್ ಕಾರು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್ ಸ್ಪರ್ಧೆಗೆ ಅಂತ ಕಟ್ಟುತ್ತಿದ್ದೇವೆ. ಎಂಜಿನ್ ಬೈಕಿನದ್ದು, ಒಂದೇ ಸಿಲಿಂಡರ್. ಆದರೆ ಬೈಕಿನ ಈಸಿಯು, ಅಂದ್ರೆ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್, ತೆಗೆದು ಬೇರೆಯದು ಹಾಕಿದೆವು, ಯಾಕಂದ್ರೆ ನಿಯಮದ ಪ್ರಕಾರ ಎಂಜಿನ್ನಿಗೆ ಬೇಕಾದ ಅಷ್ಟೂ ಗಾಳಿ 20 ಮಿ.ಮೀ. ತೂತಿನಿಂದಲೇ ಒಳಗೆ ಹೋಗಬೇಕು, ಹಾಗಾದ ಮೇಲೆ ಕಿಡಿ ಹಾರುವ ಹಳೇ ಟೈಮಿಂಗ್ ಹೊಂದುವುದಿಲ್ಲ.

ಇಗ್ನಿಷನ್ ವಿಷಯದಲ್ಲಿ ನಾನು ತುಂಬಾ ದಿನ ಒಂದನ್ನು ತಪ್ಪಾಗಿ ತಿಳಿದಿದ್ದೆ. ಕಿಡಿಗೆ ಬೇಕಾದ ವೋಲ್ಟೇಜ್ ಏರಿಸುವ ಕಾಯಿಲ್‌ಗೆ ಕರೆಂಟ್ ಕೊಟ್ಟ ತಕ್ಷಣ ಕಿಡಿ ಹಾರುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಕರೆಂಟ್ ಕೊಟ್ಟಾಗ ಕಾಯಿಲ್ ಸುಮ್ನೆ ತುಂಬಿಕೊಳ್ಳುತ್ತದೆ, ಸುಮಾರು 3 ಮಿಲಿಸೆಕೆಂಡ್. ಇದಕ್ಕೆ ಡ್ವೆಲ್ ಅಂತಾರೆ. ಆಮೇಲೆ ಕರೆಂಟ್ ಕಡಿದರೆ ಆ ಕ್ಷಣಕ್ಕೆ ಬ್ಯಾಟರಿಯ 12 ವೋಲ್ಟ್ ಹೋಗಿ ಸ್ಪಾರ್ಕ್ ಪ್ಲಗ್ ಹತ್ತಿರ ಸಾವಿರಾರು ವೋಲ್ಟ್ ಆಗಿ ಕಿಡಿ ಹಾರುತ್ತದೆ.

ಈಗ ಲೆಕ್ಕ ನೋಡಿ. 9000 ಆರ್‌ಪಿಎಂನಲ್ಲಿ ಕ್ರ್ಯಾಂಕ್, ಅಂದ್ರೆ ಪಿಸ್ಟನ್ ತಿರುಗಿಸುವ ದಂಡ, ಒಂದು ಸುತ್ತು ಹಾಕುವುದಕ್ಕೆ 6.7 ಮಿಲಿಸೆಕೆಂಡ್ ಸಾಕು. ಅಂದ್ರೆ ಕಿಡಿ ಬೇಕಾದ ಹೊತ್ತಿಗಿಂತ ಹೆಚ್ಚುಕಮ್ಮಿ ಅರ್ಧ ಸುತ್ತು ಮುಂಚೆಯೇ ಈಸಿಯು ಕಾಯಿಲ್ ತುಂಬಿಸುವುದಕ್ಕೆ ಶುರು ಮಾಡಬೇಕು. ಸೆಲ್ಫ್ ಹೊಡೆದಾಗ ಬ್ಯಾಟರಿ ಕುಸಿಯುತ್ತದೆ ಅಲ್ವಾ, ಆಗ ಇನ್ನೂ ಜಾಸ್ತಿ ಹೊತ್ತು ಬೇಕು.

ಇಷ್ಟೆಲ್ಲ ನಿಂತಿರುವುದು ಕ್ರ್ಯಾಂಕ್ ಎಲ್ಲಿದೆ ಅಂತ ಗೊತ್ತಿರುವುದರ ಮೇಲೆ. ಅದಕ್ಕೇ ಕ್ರ್ಯಾಂಕ್ ಜೊತೆ ತಿರುಗುವ ಈ ಹಲ್ಲಿನ ಚಕ್ರ, ಹಲ್ಲು ಗುರುತಿಸುವುದಕ್ಕೆ ಒಂದು ಸೆನ್ಸರ್. 36 ಹಲ್ಲಿನ ಜಾಗ, ಒಂದು ಹಲ್ಲು ಇಲ್ಲ. ಹಲ್ಲಿನಿಂದ ಹಲ್ಲಿಗೆ 10 ಡಿಗ್ರಿ, ಖಾಲಿ ಜಾಗ ಬಂದಾಗ ಈಸಿಯುಗೆ ಸುತ್ತಿನ ಲೆಕ್ಕ ಸಿಗುತ್ತದೆ.

ನಮ್ಮ ಮೂರು ರಾತ್ರಿ ಹೋಗಿದ್ದು ಇಲ್ಲೇ. ಟೈಮಿಂಗನ್ನು 10 ಡಿಗ್ರಿಗೆ ಕಟ್ಟಿಹಾಕಿ ಟೈಮಿಂಗ್ ಲೈಟ್ (ಕಿಡಿ ಹಾರಿದಾಗಲೆಲ್ಲ ಮಿನುಗುವ ದೀಪ) ಹಿಡಿದರೆ ಐಡಲ್‌ನಲ್ಲಿ ಕ್ರ್ಯಾಂಕ್ ಜೊತೆ ತಿರುಗುವ ಬಿಳಿ ಗುರುತು ಸರಿಯಾಗಿ ನಿಲ್ಲುತ್ತಿತ್ತು, ಆಕ್ಸಿಲರೇಟರ್ ಕೊಟ್ಟಂತೆ ಮೆಲ್ಲಗೆ ಜಾರುತ್ತಿತ್ತು. ಈಸಿಯು ಒಳಗಿನ ಟೈಮಿಂಗ್ ಪಟ್ಟಿ (ಮ್ಯಾಪ್) ಬದಲಿಸಿದೆವು, ಕಾಯಿಲ್ ಬದಲಿಸಿದೆವು, ಪ್ಲಗ್ ಬದಲಿಸಿದೆವು. ಕೊನೆಗೆ ನಮ್ಮ ಜೂನಿಯರ್ ಒಬ್ಬಳು ಆಸಿಲೋಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಪರದೆ ಮೇಲೆ ಅಲೆಯಾಗಿ ತೋರಿಸುವ ಯಂತ್ರ) ತಂದು ಸೆನ್ಸರಿನ ಅಲೆ ತೋರಿಸಿದಳು. ಅಲೆ ತಲೆಕೆಳಗಾಗಿತ್ತು! ಕಾಯಿಲ್ ಸುತ್ತಿದ ಈ ಮ್ಯಾಗ್ನೆಟಿಕ್ ಸೆನ್ಸರಿಗೆ ಎರಡು ವೈರ್, ಅವು ಅದಲುಬದಲಾಗಿದ್ದವು. ಸರಿಯಾಗಿದ್ದರೆ ಹಲ್ಲಿನ ನಟ್ಟನಡುವೆ ಅಲೆ ಚಕ್ಕನೆ ಸೊನ್ನೆ ದಾಟುತ್ತದೆ, ವೇಗ ಎಷ್ಟಾದರೂ ಆ ಜಾಗ ಕದಲುವುದಿಲ್ಲ. ಉಲ್ಟಾ ಆದರೆ ಈಸಿಯು ಹಿಡಿಯುವುದು ಇಳಿಜಾರಿನ ಕಡೆಯನ್ನು, ಅದು ವೇಗದ ಜೊತೆ ಸರಿಯುತ್ತದೆ.

ವೈರ್ ಬದಲಿಸಿ ಸ್ಟಾರ್ಟ್ ಮಾಡಿದ್ದು ಇದೇ ಕ್ಲಿಪ್. ಗುರುತು ನೋಡಿ, 5000 ದಾಟಿದರೂ ಅಲ್ಲೇ ನಿಂತಿದೆ. ಹಿಂದೆ ಕೂಗುತ್ತಿರುವುದು ಇಡೀ ಟೀಮ್.

ನಾಳೆ ಬೆಳಿಗ್ಗೆ ಮೊದಲ ಕೆಲಸ, ಆ ಎರಡು ವೈರಿಗೆ ಬೇರೆ ಬೇರೆ ಬಣ್ಣದ ಟೇಪ್ ಸುತ್ತುವುದು.