ದಿನಕ್ಕೊಂದು ಗೀಟು

ಕೇಳುಗರೇ, ನಮಸ್ಕಾರ.

ನನ್ನ ಮಾತು ರೇಡಿಯೊ ಅಲೆಯಲ್ಲಿ ನಿಮ್ಮ ಮನೆ ತಲುಪುತ್ತಿದೆ. ಸಮುದ್ರದ ಉಪ್ಪುನೀರಿಗೆ ಇಳಿದರೆ ಈ ಅಲೆ ಅಲ್ಲೇ ಸತ್ತುಹೋಗುತ್ತದೆ. ಬೆಳಕೂ ಆಳಕ್ಕೆ ಹೋಗುವುದಿಲ್ಲ. ಸದ್ದು ಮಾತ್ರ ಹೋಗುತ್ತದೆ, ಅದೂ ಗಾಳಿಯಲ್ಲಿ ಹೋಗುವುದಕ್ಕಿಂತ ನಾಲ್ಕು ಪಟ್ಟು ವೇಗವಾಗಿ. ಹಡಗಿನ ತಳದಿಂದ 'ಪಿಂಗ್' ಅಂತ ಒಂದು ಸದ್ದು ಬಿಟ್ಟರೆ, 700 ಮೀಟರ್ ಕೆಳಗಿರುವ ನೆಲ ಮುಟ್ಟಿ ವಾಪಸ್ ಬರಲು ಸುಮಾರು ಒಂದು ಸೆಕೆಂಡು. ಆ ಹೊತ್ತನ್ನು ಅಳೆದರೆ ಆಳ ಗೊತ್ತಾಗುತ್ತದೆ. ಇದೇ ಸೋನಾರ್.

ಆದರೆ ಮೇಲಿನಿಂದ ಕೇಳಿದರೆ ಗುಡ್ಡ ಕಣಿವೆ ತಿಳಿಯುತ್ತವೆ, ಸಣ್ಣ ಏರಿಳಿತ ತಿಳಿಯುವುದಿಲ್ಲ. ಅದಕ್ಕೆ ನೆಲದ ಹತ್ತಿರವೇ ಹೋಗಬೇಕು.

ಅಂಟಾರ್ಕ್ಟಿಕಾದಲ್ಲಿ ಥ್ವೇಟ್ಸ್ ಅಂತ ಒಂದು ಹಿಮನದಿ ಇದೆ. ಎಷ್ಟು ದೊಡ್ಡದು ಅಂದರೆ, ಹೆಚ್ಚುಕಡಿಮೆ ನಮ್ಮ ಇಡೀ ಕರ್ನಾಟಕದಷ್ಟು! 2019ರಲ್ಲಿ ಅದರ ಮುಂದಿನ ಸಮುದ್ರಕ್ಕೆ ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ 'ರಾನ್' ಅನ್ನುವ ಕಿತ್ತಳೆ ಬಣ್ಣದ ಜಲಯಂತ್ರವನ್ನು ಇಳಿಸಿದರು. ಒಳಗೆ ಮನುಷ್ಯರಿಲ್ಲ, ದಾರಿ ಹೇಳುವವರೂ ಇಲ್ಲ. ತಾನೇ ಹೋಗಿ ತಾನೇ ಬರಬೇಕು.

ಅದು ಸೋನಾರ್‌ನಿಂದ ತಂದ ಸಮುದ್ರದ ನೆಲದ ನಕ್ಷೆಯಲ್ಲಿ ಉತ್ತ ಹೊಲದ ಹಾಗೆ ಸಾಲುಗಳಿದ್ದವು, ಒಂದರ ಪಕ್ಕ ಒಂದು, 160ಕ್ಕೂ ಜಾಸ್ತಿ, ಎತ್ತರ ಒಂದು ಮೀಟರೂ ಇಲ್ಲ. ಸಮುದ್ರದ ನೀರು ಏರುವ ಭರತ ಬಂದಾಗ ಹಿಮನದಿಯ ತುದಿ ಮೇಲೆದ್ದು ಸ್ವಲ್ಪ ಹಿಂದೆ ಸರಿದಿದೆ, ಇಳಿತಕ್ಕೆ ಮತ್ತೆ ಕೂತು ಕೆಸರನ್ನು ಒತ್ತಿದೆ. ಹಾಲು ಹಾಕುವವರು ಗೋಡೆ ಮೇಲೆ ದಿನಕ್ಕೊಂದು ಗೀಟು ಎಳೆಯುತ್ತಿದ್ದರಲ್ಲ, ಹಾಗೆ. ಗೀಟು ಎಣಿಸಿದರೆ ಐದೂವರೆ ತಿಂಗಳು. ಅಷ್ಟು ದಿನ ಅದು ವರ್ಷಕ್ಕೆ 2.1 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಹಿಂದೆ ಸರಿದಿತ್ತು. ಕಳೆದ 200 ವರ್ಷಗಳಲ್ಲಿ ಯಾವಾಗಲೋ ನಡೆದ ಮಾತು ಇದು, ಉಪಗ್ರಹಗಳು ಇತ್ತೀಚೆಗೆ ಕಂಡದ್ದಕ್ಕಿಂತ ಹೆಚ್ಚಿನ ವೇಗ. 2022ರಲ್ಲಿ ಈ ಲೆಕ್ಕ ಪ್ರಕಟವಾಯಿತು. ನನಗಂತೂ ಭಯವೇ ಆಯಿತು. ನಿಧಾನಕ್ಕೆ ಕರಗುತ್ತದೆ ಬಿಡು ಅಂದುಕೊಂಡಿದ್ದ ಹಿಮ ಇಷ್ಟು ಬೇಗ ಓಡಬಲ್ಲದು ಅಂತ ನೆಲವೇ ಹೇಳುತ್ತಿದೆ, ಅಲ್ವಾ?

2024ರ ಜನವರಿಯಲ್ಲಿ ರಾನ್ ಪಕ್ಕದ ಡಾಟ್ಸನ್ ಅನ್ನುವ, ಸಮುದ್ರದ ಮೇಲೆ ತೇಲುವ ಹಿಮದ ಚಾವಣಿಯ ಕೆಳಗೆ ಹೋಯಿತು. ಹೇಳಿದ್ದ ಜಾಗಕ್ಕೆ ಬರಲಿಲ್ಲ. ಹೆಲಿಕಾಪ್ಟರಿನಲ್ಲಿ ಹುಡುಕಿದರು, ಡ್ರೋನ್ ಹಾರಿಸಿದರು, ನೀರಿಗೆ ಸದ್ದು ಬಿಟ್ಟು ಕಾದರು. ಉತ್ತರ ಬರಲಿಲ್ಲ.