ಉದ್ದ ತೋಳಿನ ಜಾಕೆಟ್ ಮತ್ತು ಪೇಯ್ನ್ ಸ್ಟೀವರ್ಟ್

ಮಳೆ ಕಾಣ್ತಿದೆಯಲ್ಲ? ಜೋರೇನಿಲ್ಲ, ಜಿಟಿಜಿಟಿ ಅಷ್ಟೇ. ನಾವು ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಗಾಲ್ಫ್‌ಗೆ ಹೆಸರಾದ ಪೈನ್‌ಹರ್ಸ್ಟ್‌ಗೆ ಬಂದಿದ್ದೇವೆ, ಪೇಯ್ನ್ ಸ್ಟೀವರ್ಟ್ ಅನ್ನೋ ಗಾಲ್ಫ್ ಆಟಗಾರನ ಪ್ರತಿಮೆ ನೋಡೋಕೆ. ಕ್ಯಾಮೆರಾ ಹಿಡಿದಿರುವುದು ನಮ್ಮ ಮನೆಯವರು. ಗಾಲ್ಫ್ ಹುಚ್ಚು ಅವರದ್ದು, ನಂದಲ್ಲ. ದುಡ್ಡಿದ್ದವರು ವಾಕಿಂಗ್ ಹೋಗಲು ಹುಡುಕಿಕೊಂಡ ನೆಪ ಇದು ಅಂತ ಬೆಳಗ್ಗೆಯಿಂದ ಹೇಳ್ತಾನೇ ಇದ್ದೀನಿ.

ಅದಿರಲಿ, ಈ ಜಾಕೆಟ್ ನೋಡಿ. ಮನೆಯಲ್ಲಿ ಇಂಥವು ಎರಡಿವೆ. ಎರಡನ್ನೂ ಮರೆತು ಬಂದೆ. ದಾರಿಯಲ್ಲಿ ಒಂದು ಅಂಗಡಿಯಲ್ಲಿ ತಗೊಂಡೆ, 68 ಡಾಲರ್, ಮೇಲೆ ಟ್ಯಾಕ್ಸು. ಕಾರಲ್ಲಿ ಕೂತು ಟ್ಯಾಗ್ ಕಿತ್ತು ಹಾಕಿಕೊಂಡರೆ ತೋಳು ಬೆರಳು ದಾಟಿ ಇಳಿದಿದೆ! ವಾಪಸ್ ಹೋದೆ. ಟ್ಯಾಗ್ ಕಿತ್ತರೆ ತಗೊಳ್ಳಲ್ಲ ಅಂದರು. ಐದು ನಿಮಿಷ ಆಗಿಲ್ಲ ಕಣ್ರೀ, ಕಾರೂ ಅಲ್ಲೇ ನಿಂತಿತ್ತು. ಅಳತೆ ನೋಡದೆ ತಗೊಂಡಿದ್ದು ನನ್ನ ತಪ್ಪೇ, ಆದರೂ ಮೈ ಉರಿಯುತ್ತೆ. 68 ಡಾಲರ್‌ಗೆ ಎಷ್ಟು ಕೆಜಿ ಸೋನಾ ಮಸೂರಿ ಬರುತ್ತೆ ಹೇಳಿ.

ಹಾಂ, ಬಂತು ಪ್ರತಿಮೆ. 18ನೇ ಗ್ರೀನ್, ಅಂದರೆ ಕೊನೇ ಕುಳಿ ಇರುವ ನುಣುಪು ಹುಲ್ಲಿನ ಜಾಗ, ಅದರ ಹಿಂದೆ ಮುಷ್ಟಿ ಮುಂದೆ ಚಾಚಿ, ಒಂದು ಕಾಲು ಹಿಂದಕ್ಕೆ ಎತ್ತಿ ನಿಂತಿದ್ದಾನಲ್ಲ, ಇವನೇ ಪೇಯ್ನ್ ಸ್ಟೀವರ್ಟ್. ಊರು ಮಿಸೌರಿಯ ಸ್ಪ್ರಿಂಗ್‌ಫೀಲ್ಡ್. ಮೊಣಕಾಲವರೆಗಿನ ಪ್ಯಾಂಟು, ಕೆಳಗೆ ಉದ್ದ ಸಾಕ್ಸು, ತಲೆಗೆ ಚಪ್ಪಟೆ ಟೋಪಿ. ಫೋಟೋದಲ್ಲಿ ನೋಡಿದಾಗ, ಇದೇನಪ್ಪಾ ಶೋಕಿ ಅಂದುಕೊಂಡಿದ್ದೆ. ಮುಂದಿನ ಕಥೆ ಇವರು ಕಾರಲ್ಲಿ ಹೇಳಿದ್ದು.

1979ರಲ್ಲಿ ಪ್ರೊಫೆಷನಲ್ ಆದ. ಅಮೆರಿಕದ ಟೂರ್‌ಗೆ, ಅಂದರೆ ಅಲ್ಲಿನ ದೊಡ್ಡ ಪಂದ್ಯಗಳ ಸರಣಿಗೆ, ಮೊದಲ ಸಲ ಅರ್ಹತೆ ಸಿಗಲಿಲ್ಲ. ಬ್ಯಾಗ್ ಹೊತ್ತುಕೊಂಡು ಏಷ್ಯಾಗೆ ಬಂದ. 1981ರಲ್ಲಿ ಇಂಡಿಯನ್ ಓಪನ್ ಗೆದ್ದ! ನಮ್ಮ ದೇಶದಲ್ಲಿ ಗೆದ್ದು ಹೋದವನ ಹೆಸರು ನಾನು ಕೇಳಿದ್ದು ಇವತ್ತೇ. ಆಮೇಲೆ 1989ರಲ್ಲಿ ಪಿಜಿಎ ಚಾಂಪಿಯನ್‌ಶಿಪ್, 1991ರಲ್ಲಿ ಯುಎಸ್ ಓಪನ್, ಎರಡೂ ಗಾಲ್ಫ್‌ನ ದೊಡ್ಡ ಪಂದ್ಯಾವಳಿಗಳು. 1987ರಲ್ಲಿ ಬೇ ಹಿಲ್ ಪಂದ್ಯದಲ್ಲಿ ಗೆದ್ದ 1,08,000 ಡಾಲರ್ ಚೆಕ್ಕನ್ನು ತೀರಿಹೋದ ಅಪ್ಪನ ನೆನಪಲ್ಲಿ ಪೂರ್ತಿಯಾಗಿ ಆಸ್ಪತ್ರೆಗೆ ಕೊಟ್ಟ. ಶೋಕಿ ಅಂದ ಮಾತು ಅಲ್ಲೇ ವಾಪಸ್ ತಗೊಂಡೆ. ಮಾತಿಗೇನು, ಟ್ಯಾಗ್ ಇರಲ್ಲವಲ್ಲ.

ಗಾಲ್ಫಲ್ಲಿ ಕಡಿಮೆ ಹೊಡೆತದಲ್ಲಿ ಮುಗಿಸಿದವನೇ ಗೆದ್ದ ಹಾಗೆ. 1998ರ ಯುಎಸ್ ಓಪನ್‌ನಲ್ಲಿ ಕೊನೇ ದಿನ ನಾಲ್ಕು ಹೊಡೆತ ಮುಂದಿದ್ದವನು ಒಂದೇ ಒಂದು ಹೊಡೆತದಿಂದ ಲೀ ಜಾನ್ಜೆನ್‌ಗೆ ಸೋತ. 1993ರಲ್ಲೂ ಇವನನ್ನು ಸೋಲಿಸಿದ್ದು ಅದೇ ಜಾನ್ಜೆನ್. ನಾನಾಗಿದ್ದರೆ ಕೋಲು ಮುರಿದು ಒಲೆಗೆ ಹಾಕುತ್ತಿದ್ದೆ.

ಮರುವರ್ಷ ಯುಎಸ್ ಓಪನ್ ಇಲ್ಲೇ, ಇದೇ ಕೋರ್ಸ್. ಜೂನ್ 20, ಇದೇ ಥರ ತುಂತುರು. ಅವನೂ ಮಳೆ ಜಾಕೆಟ್ ಹಾಕಿದ್ದ. ಹೊಡೆಯುವಾಗ ತೋಳು ಅಡ್ಡ ಬರುತ್ತೆ ಅಂತ ಕತ್ತರಿ ತಗೊಂಡು ಎರಡೂ ತೋಳು ಕಚಕ್ ಅಂತ ಕತ್ತರಿಸಿಬಿಟ್ಟ! ಕೊನೇ ಹೋಲ್‌ನಲ್ಲಿ ಚೆಂಡು ಉದ್ದ ಹುಲ್ಲಿಗೆ ಬಿತ್ತು. ಅಲ್ಲಿಂದ ತಂದು ನಿಲ್ಲಿಸಿದ್ದು ಕುಳಿಯಿಂದ 15 ಅಡಿ ದೂರಕ್ಕೆ. ಇವರು ಹೆಜ್ಜೆ ಹಾಕಿ ಅಳೆದು ತೋರಿಸ್ತಿದ್ದಾರೆ ನೋಡಿ, ಅಷ್ಟು. ಹಾಕಿದ, ಒಳಗೆ! ಆಗ ನಿಂತ ಭಂಗಿಯೇ ಈ ಪ್ರತಿಮೆ. ಒಂದೇ ಹೊಡೆತದಿಂದ ಸೋತವನು ಫಿಲ್ ಮಿಕೆಲ್ಸನ್. ಅವನ ಹೆಂಡತಿಗೆ ದಿನ ತುಂಬಿತ್ತು. ಗೆದ್ದ ಸ್ಟೀವರ್ಟ್ ಕುಣಿಯೋದು ಬಿಟ್ಟು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ನೀನು ಅಪ್ಪ ಆಗ್ತಿದ್ದೀಯ ಅಂದನಂತೆ. ಮಾರನೇ ದಿನವೇ ಮಗಳು ಹುಟ್ಟಿದಳು.

ಅಲ್ಲಿಂದ ನಾಲ್ಕೇ ತಿಂಗಳು. ಅಕ್ಟೋಬರ್ 25ಕ್ಕೆ ಒರ್ಲ್ಯಾಂಡೊದಿಂದ ಹೊರಟ ಸಣ್ಣ ಜೆಟ್‌ನಲ್ಲಿ ಗಾಳಿಯ ಒತ್ತಡ ಹೋಯಿತು. ವಿಮಾನ ತಾನಾಗಿ ಹಾರುತ್ತಾ ಹೋಗಿ ಸೌತ್ ಡಕೋಟಾದ ಬಯಲಲ್ಲಿ ಬಿತ್ತು. ಒಳಗಿದ್ದ ಆರು ಜನರಲ್ಲಿ ಯಾರೂ ಉಳಿಯಲಿಲ್ಲ. ಅವನಿಗೆ 42.

ಹಾಂ... ಇದು ನಾನು ಆ ಭಂಗಿ ಮಾಡಲು ಹೋಗಿ ಜಾರಿದ್ದು. ಎಡಿಟ್ ಮಾಡ್ರೀ ಅಂದ್ರೆ ಮಾಡಿಲ್ಲ ನೋಡಿ. ಸರಿ ಸರಿ, ಮುಂದೆ.

ಈಗ ಮನೆ. ಇದು ಹಾಲಿನ ಪ್ಯಾಕೆಟ್ ಕತ್ತರಿಸುವ ಕತ್ತರಿ. ಬೇಡ, ಟೈಲರ್‌ಗೆ ಕೊಡೋಣ ಅಂತಿದ್ದಾರೆ ಇವರು. ಟೈಲರ್‌ಗೆ ಇನ್ನೊಂದು 20 ಡಾಲರಾ? ಬಲಗಡೆ ಆಯ್ತು. ಎಡಗಡೆ ಸ್ವಲ್ಪ ಸೊಟ್ಟ... ಅಯ್ಯೋ, ಸ್ವಲ್ಪ ಅಲ್ಲ. ಇನ್ನೊಂಚೂರು ಮೇಲಕ್ಕೆ ಕತ್ತರಿಸ್ತೀನಿ, ಇರಿ.