ಕೈ ಜೋತು ಬಿಟ್ಟರೆ ಬಿಪಿ ಏರುತ್ತಾ?

[ಟೇಬಲ್ ಮೇಲೆ ಬಿಪಿ ಮಷಿನ್. ಎಡತೋಳಿಗೆ ಪಟ್ಟಿ ಸುತ್ತಿದೆ.]

ಐದು ನಿಮಿಷದಿಂದ ಸುಮ್ಮನೆ ಕೂತಿದ್ದೀನಿ. ಕೈ ಟೇಬಲ್ ಮೇಲಿದೆ, ಪಟ್ಟಿ ಎದೆಯ ಮಟ್ಟಕ್ಕಿದೆ. ಬಟನ್ ಒತ್ತಿದೆ... 122, ಕೆಳಗಿನದು 78.

ಈಗ ಕೈ ಪಕ್ಕಕ್ಕೆ ಜೋತು ಬಿಡ್ತೀನಿ, ಅಷ್ಟೇ. ಒಂದು ನಿಮಿಷ ಬಿಟ್ಟು ಮತ್ತೆ ಒತ್ತೋಣ. 129, 83. ಕೊನೆಗೆ ಅದೇ ಕೈಯನ್ನ ತಲೆ ಮೇಲೆ ಇಟ್ಕೊಂಡೆ. 106, 64!

[ಮೂರೂ ಅಂಕಿಗಳು ಪಕ್ಕಪಕ್ಕದಲ್ಲಿ]

ಇಷ್ಟರಲ್ಲೇ ನನಗೇನೂ ಕಾಯಿಲೆ ಬಂದು ವಾಸಿಯಾಗಲಿಲ್ಲ. ಬದಲಾಗಿದ್ದು ಪಟ್ಟಿ ಇದ್ದ ಎತ್ತರ.

ನೀರಿನ ಟ್ಯಾಂಕ್ ನೆನಪಿಸ್ಕೊಳ್ಳಿ. ಟ್ಯಾಂಕಿನಿಂದ ಎಷ್ಟು ಕೆಳಗಿದ್ದರೆ ನಲ್ಲಿಯಲ್ಲಿ ಅಷ್ಟು ಜೋರು. ರಕ್ತಕ್ಕೂ ತೂಕ ಇದೆ. ಹೃದಯದಿಂದ 10 ಸೆಂಟಿಮೀಟರ್ ಕೆಳಗೆ ಇಳಿದರೆ ಒತ್ತಡ ಸುಮಾರು 8 ಮಿಲಿಮೀಟರ್ ಪಾದರಸದಷ್ಟು (ಬಿಪಿ ಅಂಕಿಗಳ ಅಳತೆಯೂ ಇದೇ) ಏರುತ್ತೆ, ಮೇಲೆ ಹೋದರೆ ಅಷ್ಟೇ ಇಳಿಯುತ್ತೆ. ನೀವು ಅಲ್ಲಾಡದೆ ನಿಂತಿದ್ದಾಗ ಪಾದದ ರಕ್ತನಾಳದಲ್ಲಿ ಹೃದಯದ ಹತ್ತಿರ ಇರೋದಕ್ಕಿಂತ 90ರಷ್ಟು ಹೆಚ್ಚು ಒತ್ತಡ ಇರುತ್ತೆ. ಹಾಗಾದ್ರೆ ಯಾವುದು ನಿಜವಾದ ಬಿಪಿ? ಎಲ್ಲವೂ ನಿಜವೇ, ಆಯಾ ಜಾಗಕ್ಕೆ. ಆದರೆ 120/80 ಒಳ್ಳೇದು, 140/90 ದಾಟಿದರೆ ಜಾಸ್ತಿ ಅಂತ ನಾವು ಹೇಳೋ ಲೆಕ್ಕವೆಲ್ಲ ಹೃದಯದ ಮಟ್ಟದ್ದು.

ಇದು ಹೊಸ ಸಂಗತಿಯೇನಲ್ಲ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಒಂದು ಕುದುರೆಯನ್ನ ಮಲಗಿಸಿ ಕಟ್ಟಿ, ರಕ್ತನಾಳಕ್ಕೆ ಗಾಜಿನ ಕೊಳವೆ ಸೇರಿಸಿ ನೋಡಿದರು. ರಕ್ತ 8 ಅಡಿ ಮೇಲೇರಿತು. (ಕುದುರೆಗೆ ಏನಾಯ್ತು ಅಂತ ಕೇಳಬೇಡಿ.) 1733ರಲ್ಲಿ ಇದನ್ನ ಪ್ರಕಟಿಸಿದಾಗ ಅವರು ಎತ್ತರವನ್ನ ಎಲ್ಲಿಂದ ಅಳೆದಿದ್ರು ಗೊತ್ತಾ? ಹೃದಯದ ಮಟ್ಟದಿಂದಲೇ.

ಆದರೂ ಇವತ್ತಿಗೂ ಎಷ್ಟೋ ಕಡೆ ಕೈ ತೊಡೆ ಮೇಲೆ ಇಟ್ಟುಕೊಂಡೇ ಬಿಪಿ ನೋಡ್ತಾರೆ. ನನಗೂ ಒಂದು ಕಡೆ ಆಸರೆಯಿಲ್ಲದ ಸ್ಟೂಲ್ ಮೇಲೆ ಕೂರಿಸಿ, ಹೆಸರು, ವಯಸ್ಸು ಕೇಳ್ತಾ ಕೇಳ್ತಾನೇ ಪಟ್ಟಿ ಊದಿಸಿದ್ದರು. 2024ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 133 ಜನರಲ್ಲಿ ಇದನ್ನೇ ಪರೀಕ್ಷಿಸಿದರು. ಕೈ ತೊಡೆ ಮೇಲಿದ್ದರೆ ಮೇಲಿನ ಅಂಕಿ ಸರಾಸರಿ 4ರಷ್ಟು ಜಾಸ್ತಿ, ಜೋತು ಬಿಟ್ಟರೆ 6.5 ಜಾಸ್ತಿ. ಕಮ್ಮಿ ಅನ್ನಿಸ್ತಾ? 135 ಇರೋರು 141 ಆಗಿಬಿಡ್ತಾರೆ. ಅಲ್ಲಿಂದ ಮಾತ್ರೆಯ ಮಾತು ಶುರು.

ಕಾಲ ಮೇಲೆ ಕಾಲು ಹಾಕ್ಕೊಂಡು ಕೂತರೂ ಅಂಕಿ ಏರುತ್ತೆ. ಬೆನ್ನಿಗೆ ಆಸರೆ ಇಲ್ಲದಿದ್ದರೆ, ಮೂತ್ರ ಕಟ್ಟಿಕೊಂಡಿದ್ದರೆ, ಮಧ್ಯೆ ಮಾತಾಡಿದರೆ, ಆಗಲೂ ಅಷ್ಟೇ.

[ಹಾಸಿಗೆಯ ದೃಶ್ಯ]

ಇಲ್ಲೀವರೆಗೂ ಅಳತೆಯ ಎಡವಟ್ಟು. ನನಗೆ ಹೆಚ್ಚು ಭಯ ಇರೋದು ಈಗ ಹೇಳೋದರ ಬಗ್ಗೆ, ಯಾಕಂದ್ರೆ ಇಲ್ಲಿ ಬಿಪಿ ನಿಜವಾಗಿಯೂ ಬೀಳುತ್ತೆ.

ಮಲಗಿದ್ದವರು ತಟ್ಟನೆ ಎದ್ದು ನಿಂತರೆ ಅರ್ಧ ಲೀಟರ್, ಕೆಲವೊಮ್ಮೆ ಮುಕ್ಕಾಲು ಲೀಟರ್ ರಕ್ತ ಕಾಲಿಗೂ ಹೊಟ್ಟೆಗೂ ಇಳಿದು ನಿಲ್ಲುತ್ತೆ. ಹೃದಯಕ್ಕೆ ವಾಪಸ್ ಬರೋದು ಕಮ್ಮಿ ಆಗುತ್ತೆ, ಒತ್ತಡ ಕುಸಿಯುತ್ತೆ. ಕತ್ತಿನ ರಕ್ತನಾಳದಲ್ಲಿ, ಹೃದಯದಿಂದ ಹೊರಡೋ ಮಹಾಧಮನಿಯಲ್ಲಿ ಒತ್ತಡ ಗಮನಿಸೋ ನರತುದಿಗಳಿವೆ. ಅವು ಮಿದುಳಿಗೆ ಸುದ್ದಿ ಮುಟ್ಟಿಸ್ತವೆ, ಎದೆಬಡಿತ ಜೋರಾಗುತ್ತೆ, ರಕ್ತನಾಳಗಳು ಬಿಗಿಯಾಗ್ತವೆ. ಕೆಲವೇ ಸೆಕೆಂಡಿನಲ್ಲಿ ಎಲ್ಲ ಹದಕ್ಕೆ ಬರುತ್ತೆ. ನಿಮಗೆ ಗೊತ್ತೂ ಆಗಲ್ಲ.

ವಯಸ್ಸಾದವರಿಗೆ, ಹಳೇ ಸಕ್ಕರೆ ಕಾಯಿಲೆ ಇರೋರಿಗೆ, ಮೈಯಲ್ಲಿ ನೀರಿನಂಶ ಕಮ್ಮಿಯಾದವರಿಗೆ ಈ ಕೆಲಸ ತಡವಾಗಬಹುದು. ಮೂತ್ರ ಹೆಚ್ಚಿಸೋ ಮಾತ್ರೆ, ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿಯಾದ ಪ್ರಾಸ್ಟೇಟ್‌ಗೆ ಕೊಡೋ ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತೆ. ಆಗ ಕಣ್ಣಿಗೆ ಕತ್ತಲೆ ಕವಿಯುತ್ತೆ, ಗೋಡೆ ಹಿಡ್ಕೋಬೇಕು ಅನ್ನಿಸುತ್ತೆ. ನಿಂತ ಮೂರು ನಿಮಿಷದೊಳಗೆ ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರು ಅದನ್ನ ಗಂಭೀರವಾಗಿ ನೋಡ್ತಾರೆ. ಕೂತಲ್ಲೇ ಬಿಪಿ ನೋಡಿದರೆ ಇದು ಸಿಗದೇ ಹೋಗಬಹುದು.

ಮನೆಯಲ್ಲೇ ನೋಡ್ಕೋಬಹುದು, ಪಕ್ಕದಲ್ಲಿ ಇನ್ನೊಬ್ಬರಿರಲಿ. ಐದು ನಿಮಿಷ ಮಲಗಿ ಒಮ್ಮೆ ನೋಡಿ. ಎದ್ದು ನಿಂತು ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಿ.

[ನಿಂತ ವ್ಯಕ್ತಿಯ ತೋಳು ಹತ್ತಿರದಿಂದ]

ಇಲ್ಲೇ ತಪ್ಪೋದು. ನಿಂತಾಗ ಕೈ ತಾನಾಗೇ ಜೋತು ಬೀಳುತ್ತೆ. ಪಟ್ಟಿ ಕೆಳಗಿಳಿದಿದ್ದಕ್ಕೆ ಅಂಕಿ ಏರುತ್ತೆ, ಬಿದ್ದ ಬಿಪಿಯನ್ನ ಮುಚ್ಚಿಹಾಕುತ್ತೆ. ಅದಕ್ಕೇ ಪಕ್ಕದಲ್ಲಿರೋರು ನಿಮ್ಮ ಕೈಯನ್ನ ಎದೆಮೂಳೆಯ ನಡುಭಾಗದ ಮಟ್ಟಕ್ಕೆ ಹಿಡಿದಿರಬೇಕು. ತಲೆ ಸುತ್ತಿದರೆ ಅಂಕಿಗೆ ಕಾಯಬೇಡಿ, ತಕ್ಷಣ ಕೂತುಬಿಡಿ.

ತಮಾಷೆ ಅಂದ್ರೆ, ಅಳೆಯುವಾಗ ಅಂಕಿ ಏರಿಸುತ್ತೆ ಅಂದಿದ್ನಲ್ಲ, ಆ ಕಾಲಿಗೆ ಕಾಲು ಅಡ್ಡ ಹಾಕೋದೇ ಇಲ್ಲಿ ಉಪಯೋಗಕ್ಕೆ ಬರುತ್ತೆ. ನಿಂತಲ್ಲೇ ಕಣ್ಣು ಮಂಜಾದರೆ, ಕೂರೋಕೆ ಜಾಗವೂ ಇಲ್ಲದಿದ್ದರೆ, ಒಂದು ಕಾಲಿನ ಮುಂದೆ ಇನ್ನೊಂದನ್ನ ಅಡ್ಡ ಹಾಕಿ ತೊಡೆ, ಪೃಷ್ಠ ಗಟ್ಟಿಯಾಗಿ ಬಿಗಿಹಿಡಿಯಿರಿ. ಕಾಲಲ್ಲಿ ನಿಂತ ರಕ್ತ ಮೇಲಕ್ಕೆ ಹೋಗುತ್ತೆ.

ರಾತ್ರಿ ಬಾತ್‌ರೂಮಿಗೆ ಏಳುವಾಗ ಮೊದಲು ಮಂಚದ ಅಂಚಿಗೆ ಕೂತು ಪಾದ ನಾಲ್ಕೈದು ಸಲ ಆಡಿಸಿ, ಆಮೇಲೆ ನಿಲ್ಲಿ. ಇಳಿದ ಬಿಪಿ ಕಂಡ ಕೂಡಲೇ ನೀವಾಗೇ ಮಾತ್ರೆ ಬಿಡಬೇಡಿ. ಡಾಕ್ಟರಿಗೆ ಚೀಟಿ ಒಯ್ಯಿರಿ, ಪ್ರತಿ ಅಂಕಿಯ ಪಕ್ಕ ಮಲಗಿದ್ರೋ, ಕೂತಿದ್ರೋ, ನಿಂತಿದ್ರೋ ಅಂತ ಬರೆದಿರಲಿ.